ಸ್ವಚ್ಛತಾ ಮಂತ್ರಿ ಯಾವಾಗಲೂ ನಮ್ಮ ಕೇರಿಯವನೇ ಯಾಕೆ?

(ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರ ಅಲ್ಲ. ಪದ್ಯ ಬರೆಯುವವನು. ಬಿ.ಎ. ಮುಗಿಸಿ ಕೆಲಸ ಹುಡುಕುತ್ತಾ ತಿರುಗುತ್ತಿರುವವನು. ಈ ಸಭೆಗೆ ಕರೆದ ಅಣ್ಣಂದಿರು "ಸಂವಿಧಾನದ ಬಗ್ಗೆ ನಾಲ್ಕು ಮಾತು ಹೇಳು" ಅಂದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಹಾಗಾಗಿ ನಾನು ಒಂದು ಸಣ್ಣ ವಿಷಯ ಎತ್ತಿಕೊಳ್ಳುತ್ತೇನೆ. ನಿಮ್ಮ ಹೈಸ್ಕೂಲಿನ ಎಲೆಕ್ಷನ್.

ನಗಬೇಡಿ. ಹಿಂದೆ ಕೂತ ಹುಡುಗರು ಆಗಲೇ ನಗುತ್ತಿದ್ದಾರೆ.

ಜೂನ್ ತಿಂಗಳು. ಮಳೆ ಹಿಡಿದಿರುತ್ತದೆ. ಒದ್ದೆ ಕೊಡೆಗಳು ಕ್ಲಾಸಿನ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಮಾಷ್ಟ್ರು ಬಂದು "ನಾಳೆ ಶಾಲಾ ಸಂಸತ್ತಿನ ಚುನಾವಣೆ" ಅನ್ನುತ್ತಾರೆ. ಶಾಲಾ ನಾಯಕ, ಉಪನಾಯಕ, ಶಿಕ್ಷಣ ಮಂತ್ರಿ, ಕ್ರೀಡಾ ಮಂತ್ರಿ, ಸಾಂಸ್ಕೃತಿಕ ಮಂತ್ರಿ, ನೀರಾವರಿ ಮಂತ್ರಿ, ಸ್ವಚ್ಛತಾ ಮಂತ್ರಿ, ವಿರೋಧ ಪಕ್ಷದ ನಾಯಕ. ದಿಲ್ಲಿಯಲ್ಲಿ ಇರುವುದೆಲ್ಲ ಇಲ್ಲೂ ಇದೆ. ಈಗೀಗ ಕೆಲವು ಶಾಲೆಗಳಲ್ಲಿ ಮೊಬೈಲನ್ನೇ ವೋಟಿಂಗ್ ಮಿಷನ್ ಮಾಡಿ, ಬೆರಳಿಗೆ ಶಾಯಿ ಹಚ್ಚಿ, ಮರುದಿನ ಪೇಪರಿಗೆ ಫೋಟೋ ಕಳಿಸುತ್ತಾರೆ. ಚಂದವೇ. ನಾನು ಬೇಡ ಅನ್ನುವುದಿಲ್ಲ. ಆದರೆ ಕೊನೆಗೆ ಮಂತ್ರಿಮಂಡಲದ ಪಟ್ಟಿ ಅಂತ ಒಂದು ಕಾಗದ ನೋಟೀಸ್ ಬೋರ್ಡಿಗೆ ಬೀಳುತ್ತದಲ್ಲ, ಅದನ್ನು ಒಮ್ಮೆ ನಿಧಾನವಾಗಿ ಓದಿ. ಯಾರ ಹೆಸರಿನ ಎದುರು ಯಾವ ಖಾತೆ ಬಂತು, ಅವನ ಮನೆ ಊರಿನ ಯಾವ ದಿಕ್ಕಿಗೆ ಇದೆ ಅಂತ ನೋಡಿ.

ಮಾತು ಶುರು ಮಾಡುವ ಮುಂಚೆ ನಿಮ್ಮಲ್ಲಿ ಸ್ವಚ್ಛತಾ ಮಂತ್ರಿ ಆದವರು ಕೈ ಎತ್ತಿ ಅಂದೆ. ಎಷ್ಟು ಕೈ ಎದ್ದವು ಅಂತ ನೀವೇ ಕಂಡಿರಿ. ಶಾಲಾ ನಾಯಕ ಆದವರು ಕೈ ಎತ್ತಿ ಅಂದಾಗ ಆ ಮೂಲೆಯಲ್ಲಿ ಒಬ್ಬಳು ತಂಗಿ ಮಾತ್ರ ಎತ್ತಿದಳು. ಅವಳಿಗೆ ನೀವು ಚಪ್ಪಾಳೆ ಹೊಡೆದಿರಿ. ಮಿಕ್ಕ ಕೈಗಳ ಬಗ್ಗೆ ನಾನು ಮಾತಾಡಬೇಕು.

ಒಂಬತ್ತನೇ ಕ್ಲಾಸಿನಲ್ಲಿ ನಾನು ಶಾಲಾ ನಾಯಕನ ಜಾಗಕ್ಕೆ ನಿಂತೆ. ಯಾವ ಶಾಲೆ ಅನ್ನುವುದು ಬೇಡ, ಇದೇ ಸೀಮೆಯದು. ನಿಲ್ಲುವುದಕ್ಕೆ ನನಗೆ ದೊಡ್ಡ ಉದ್ದೇಶ ಇರಲಿಲ್ಲ. ಕನ್ನಡದಲ್ಲಿ ಮಾರ್ಕು ಚೆನ್ನಾಗಿ ಬರುತ್ತಿತ್ತು, ಮಾತು ಬರುತ್ತಿತ್ತು, ನಿಂತೆ. ಎದುರು ನಿಂತವನು ಊರಿನ ಒಡೇರ ಮನೆಯ ಹುಡುಗ. ಒಳ್ಳೆಯ ಹುಡುಗನೇ, ಈಗಲೂ ಸಿಕ್ಕಿದರೆ ಮಾತಾಡುತ್ತಾನೆ. ಕ್ಲಾಸಿನಲ್ಲಿ 48 ಮಕ್ಕಳು. ಅವತ್ತು ವೋಟು ಅಂದರೆ ಕೈ ಎತ್ತುವುದು. ಅವನ ಹೆಸರು ಹೇಳಿದರು, ಕಾಡು ಎದ್ದ ಹಾಗೆ ಕೈ ಎದ್ದವು. ನನ್ನ ಹೆಸರು ಹೇಳಿದರು. ನಾಲ್ಕು ಕೈ. ನನ್ನದೂ ಸೇರಿ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಗೆಳೆಯ ಇದ್ದ. ನಮ್ಮ ಜಾತಿಯವನಲ್ಲ, ಆದರೆ ನಮ್ಮಷ್ಟೇ ಬಡವ. ನನ್ನ ಹೆಸರು ಕೂಗಿದಾಗ ಅವನ ಕೈ ಅರ್ಧಕ್ಕೆ ಎದ್ದಿತು, ತಲೆ ಕೆರೆದುಕೊಂಡಿತು, ಕೆಳಗಿಳಿಯಿತು. ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಅವನೇ ಹೇಳಿದ. "ನಿಂಗೆ ಕೈ ಎತ್ತಿರೆ ನಾಳೆ ಅಬ್ಬಿಗೆ ಕೆಲ್ಸ ಇಲ್ಲ ಮಾರಾಯ." ಅವನ ತಾಯಿ ಆ ಒಡೇರ ಗದ್ದೆಗೇ ನಟ್ಟಿಗೆ ಹೋಗುತ್ತಿದ್ದಳು. ಹದಿನಾಲ್ಕು ವರ್ಷದ ಹುಡುಗನ ಕೈಯನ್ನು ಯಾರೂ ಹಿಡಿದು ಎಳೆದಿರಲಿಲ್ಲ. ಗದ್ದೆ ಎಳೆದಿತ್ತು.

ಸಂಜೆ ಪಟ್ಟಿ ಬಂತು. ನಾನು ಸ್ವಚ್ಛತಾ ಮಂತ್ರಿ! ಯಾರೂ ನನ್ನ ಕೇಳಿರಲಿಲ್ಲ. ಹೋಗಿ ಕೇಳಿದ್ದಕ್ಕೆ "ನಿಂಗೂ ಒಂದು ಮಂತ್ರಿ ಸ್ಥಾನ ಕೊಟ್ಟಿದ್ದೇವಲ್ಲ ಮಾರಾಯ, ಇನ್ನೆಂತ ಬೇಕು?" ಅಂದರು. ಅದು ಸಿಟ್ಟಿನ ಮಾತಲ್ಲ, ಪ್ರೀತಿಯ ಮಾತೇ. ಅವರ ಮನಸ್ಸಿನಲ್ಲಿ ಅದು ಉಪಕಾರ. ಕ್ರೀಡಾ ಮಂತ್ರಿಗೆ ಚೆಂಡಿನ ಕಪಾಟಿನ ಬೀಗದ ಕೈ ಸಿಕ್ಕಿತು. ನನಗೆ ಕಕ್ಕಸಿನ ಬೀಗದ ಕೈ. ಮನೆಗೆ ಹೋಗಿ ಅಬ್ಬಿಗೆ ಹೇಳಿದೆ, ನಾನು ಮಂತ್ರಿ ಆದೆ ಅಂತ. ಎಂತ ಮಂತ್ರಿ ಅಂತ ಕೇಳಿದಳು. ಹೇಳಿದೆ. "ಹಿಡಿಸೂಡಿ ಹಿಡುಕೆ ಶಾಲಿಗೆ ಹೋಯ್ಕಾ ಮಗಾ? ಅದ್ ಮನಿಯಂಗೇ ಇತ್ತಲ" ಅಂದಳು. ನನ್ನ ಅಬ್ಬಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆ ಪಟ್ಟಿಯನ್ನು ಅವಳಷ್ಟು ಸರಿಯಾಗಿ ಓದಿದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ.

ಇದನ್ನು ತಪ್ಪು ತಿಳಿಯಬೇಡಿ. ಗುಡಿಸುವುದು ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮ ತಾಯಂದಿರು ಗುಡಿಸಿದ ಬೀದಿಯಲ್ಲೇ ಈ ಊರು ನಡೆಯುತ್ತಿದೆ. ಎಲ್ಲರೂ ಸರದಿಯ ಮೇಲೆ ಗುಡಿಸಲಿ, ನಾವೂ ಗುಡಿಸೋಣ. ಆದರೆ ಎಂಟು ಖಾತೆ ಇರುವಾಗ ಆ ಒಂದೇ ಖಾತೆ ದಾರಿ ತಿಳಿದ ಎತ್ತಿನ ಹಾಗೆ ವರ್ಷ ವರ್ಷ ನಮ್ಮ ಕೇರಿಗೇ ಬಂದು ನಿಲ್ಲುತ್ತದಲ್ಲ, ಆ ದಾರಿ ತೋರಿಸಿದವರು ಯಾರು?

ಇದು ಬರೀ ಆಟ, ಮಕ್ಕಳಾಟ ಅನ್ನುವವರಿಗೆ ಒಂದು ಘಟನೆ ನೆನಪು ಮಾಡುತ್ತೇನೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಯಲುವಹಳ್ಳಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ತೊಳೆಸಿದರು. ಇಳಿದವರು ದಲಿತ ಮಕ್ಕಳು. ವೀಡಿಯೋ ಹೊರಗೆ ಬಂತು, ಪ್ರಾಂಶುಪಾಲರ ಬಂಧನವೂ ಆಯಿತು. ಆ ಗುಂಡಿಗೂ ನಮ್ಮ ನೋಟೀಸ್ ಬೋರ್ಡಿಗೂ ಬಹಳ ದೂರ ಇದೆ, ಒಪ್ಪುತ್ತೇನೆ. ಆದರೆ ಎರಡಕ್ಕೂ ದಾರಿ ಒಂದೇ. ನಮ್ಮ ಸೀಮೆಯಲ್ಲೇ ಕೊರಗರ ಮೇಲೆ ಹೇರಿದ್ದ ಅಜಲು ಇತ್ತಲ್ಲ, ಅದನ್ನು ನಿಷೇಧಿಸಲು ಸರ್ಕಾರ ಒಂದು ಕಾಯ್ದೆಯನ್ನೇ ತರಬೇಕಾಯಿತು, ಅದೂ 2000ನೇ ಇಸವಿಯಲ್ಲಿ. ಹುಟ್ಟಿದ ಮನೆ ನೋಡಿ ಕೆಲಸ ಹಂಚಬಾರದು ಅಂತ ಆ ಕಾಯ್ದೆ ಹೇಳಿತು. ಶಾಲೆಯ ಮಂತ್ರಿಮಂಡಲಕ್ಕೆ ಅದು ಅನ್ವಯ ಆಗುವುದಿಲ್ಲ ಬಿಡಿ, ಆದರೆ ಬುದ್ಧಿ ಅನ್ವಯ ಆಗಬೇಕಲ್ಲ.

ಈಗ ನೇಮಕಕ್ಕೂ ಆಯ್ಕೆಗೂ ಇರುವ ವ್ಯತ್ಯಾಸ ಹೇಳುತ್ತೇನೆ. ಇದು ನಿಮ್ಮ ಸಮಾಜ ಪಾಠದ ಪುಸ್ತಕದಲ್ಲಿ ಸರಿಯಾಗಿ ಇಲ್ಲ. ನಮ್ಮ ಈ ಕುಂದಾಪುರ, ಉಡುಪಿ ಎಲ್ಲ 1956ರವರೆಗೆ ಮದ್ರಾಸಿನ ಕೆಳಗೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. ಆ ಮದ್ರಾಸಿನ ಶಾಸನ ಸಭೆಗೆ 1920ರಲ್ಲಿ ಎಂ.ಸಿ. ರಾಜಾ ಹೋದರು, ನಮ್ಮವರಲ್ಲಿ ಮೊದಲಿಗರು. ಹೇಗೆ ಹೋದರು? ಸರ್ಕಾರ ನೇಮಿಸಿತು. ಬಾಬಾಸಾಹೇಬರು ಮುಂಬಯಿ ಶಾಸನ ಸಭೆಗೆ ಹೋದದ್ದೂ ಮೊದಲು ನೇಮಕದಿಂದಲೇ. ಆಗ ವೋಟು ಅಂದರೆ ಆಸ್ತಿ ಇದ್ದವನಿಗೆ, ತೆರಿಗೆ ಕಟ್ಟುವವನಿಗೆ. ನಮಗೆ ಎರಡೂ ಇರಲಿಲ್ಲ. ಆದರೆ 1919ರಲ್ಲೇ ಸೌತ್‌ಬರೋ ಸಮಿತಿಯ ಮುಂದೆ, ಆಮೇಲೆ 1928ರಲ್ಲಿ ಸೈಮನ್ ಆಯೋಗದ ಮುಂದೆ ಬಾಬಾಸಾಹೇಬರು ಕೇಳಿದ್ದು ನೇಮಕವನ್ನಲ್ಲ, ಆಯ್ಕೆಯನ್ನು. ಸೈಮನ್ ಆಯೋಗದ ಮುಂದೆ ಎಲ್ಲ ವಯಸ್ಕರಿಗೂ ವೋಟನ್ನೂ ಕೇಳಿದರು. ಯಾಕೆ? ನೇಮಕ ಆದವನು ನೇಮಿಸಿದವರ ಮುಖ ನೋಡಿ ಮಾತಾಡುತ್ತಾನೆ. ಕೊಟ್ಟ ಖಾತೆಯನ್ನು ತೆಗೆದುಕೊಂಡು ಸುಮ್ಮನಿರುತ್ತಾನೆ. ನಾನು ಒಂಬತ್ತನೇ ಕ್ಲಾಸಿನಲ್ಲಿ ಕಕ್ಕಸಿನ ಬೀಗದ ಕೈ ಹಿಡಿದು ನಿಂತಾಗ ನೇಮಕ ಆದವನಾಗಿದ್ದೆ.

ಆಯ್ಕೆ ಅಂದರೂ ಎಲ್ಲ ಸರಿ ಆಗುವುದಿಲ್ಲ. ಪೂನಾ ಒಪ್ಪಂದದ ಕತೆ ನಿಮಗೆ ಗೊತ್ತು. 1932ರ ಸೆಪ್ಟೆಂಬರ್ 24. ಪ್ರಾಂತ್ಯಗಳ ಸಭೆಗಳಲ್ಲಿ ನಮಗೆ 148 ಸೀಟು ಸಿಕ್ಕಿತು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ಸೀಟು ನಮ್ಮದು, ಗೆಲ್ಲಿಸುವ ವೋಟು ಅವರದು. ಇದನ್ನು ದೊಡ್ಡ ದೊಡ್ಡ ಪುಸ್ತಕ ಓದಿ ತಿಳಿಯಬೇಕಾಗಿಲ್ಲ, ನಿಮ್ಮ ಕ್ಲಾಸಿಗೆ ಹೋಗಿ ನೋಡಿ. 48 ಮಕ್ಕಳಲ್ಲಿ ನಾವು ಐದೋ ಆರೋ. ನಮ್ಮಲ್ಲಿ ಯಾರಾದರೂ ಗೆಲ್ಲಬೇಕಾದರೆ ಉಳಿದವರು ಮೆಚ್ಚಬೇಕು. ಅವರು ಯಾರನ್ನು ಮೆಚ್ಚುತ್ತಾರೆ? ತಗ್ಗಿ ಬಗ್ಗಿ ನಡೆಯುವವನನ್ನು, ಹಾಸ್ಟೆಲಿನ ಅನ್ನದಲ್ಲಿ ಹುಳ ಇದೆ ಅಂತ ಬಾಯಿ ಬಿಡದವನನ್ನು. 1952ರಲ್ಲಿ ಬಾಬಾಸಾಹೇಬರೇ ಮುಂಬಯಿಯಲ್ಲಿ ಲೋಕಸಭೆಗೆ ನಿಂತು ಸೋತರು. ಸೋಲಿಸಿದವರು ಕಾಂಗ್ರೆಸ್ಸಿನ ಕಾಜ್ರೋಳ್ಕರ್, ಅವರೂ ನಮ್ಮ ಜನವೇ. 1954ರಲ್ಲಿ ಭಂಡಾರಾದಲ್ಲಿ ಮತ್ತೆ ನಿಂತರು. ಮತ್ತೆ ಸೋತರು. ಸಂವಿಧಾನ ಬರೆದವರನ್ನು ಸಂವಿಧಾನ ಕೊಟ್ಟ ವೋಟೇ ಸೋಲಿಸಿತು. ಆದರೂ ಅವರು ಎರಡನೇ ಸಲ ನಾಮಪತ್ರ ಹಾಕಿದರಲ್ಲ, ಅದನ್ನು ನೋಡಿ.

ಅದಕ್ಕೇ ನಾನು ಹೇಳುವುದು, ಮೊದಲ ಜಗಳ ಗೆಲ್ಲುವುದಕ್ಕಲ್ಲ, ವೋಟು ಹೇಗೆ ಹಾಕುತ್ತಾರೆ ಅನ್ನುವುದಕ್ಕೆ. ಕೈ ಎತ್ತುವ ವೋಟು ವೋಟೇ ಅಲ್ಲ. ಅದು ಹಾಜರಿ. ಒಡೇರ ಎದುರು ಆಳುಗಳ ಹಾಜರಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಮೇಲೆ ಚಿಹ್ನೆ ಅಂಟಿಸಿದ್ದರು, ಓದು ಬಾರದವನೂ ಒಬ್ಬನೇ ಮರೆಯಲ್ಲಿ ನಿಂತು ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಲಿ ಅಂತ. ಎಷ್ಟು ಖರ್ಚು, ಎಷ್ಟು ಕಬ್ಬಿಣ! ಒಬ್ಬ ಕೂಲಿಯವನ ಗುಟ್ಟು ಕಾಯುವುದಕ್ಕೆ ಒಂದು ಸರ್ಕಾರ ಅಷ್ಟು ಪೆಟ್ಟಿಗೆ ಮಾಡಿಸಿತು. ನಿಮ್ಮ ಶಾಲೆಗೆ ಬೇಕಾದ್ದು ಒಂದು ಚಾಕ್‌ಪೀಸಿನ ಖಾಲಿ ಡಬ್ಬ, ಒಂದು ಹಳೆ ನೋಟ್‌ಬುಕ್.

ಹತ್ತನೇ ಕ್ಲಾಸಿಗೆ ಬಂದಾಗ ನಮ್ಮ ಶಾಲೆಗೆ ಹೊಸ ಟೀಚರ್ ಒಬ್ಬರು ಬಂದರು. ಅವರ ಹತ್ತಿರ ನಾವು ಮೂರು ಜನ ಹೋಗಿ ಕೇಳಿದೆವು, ಚೀಟಿ ಹಾಕಿಸಿ ಟೀಚರ್ ಅಂತ. ಯಾಕೆ ಅಂತ ಕೇಳಿದರು. ಯಾಕೆ ಅಂತ ಹೇಳಲಿಕ್ಕೆ ನಮಗೆ ಬಾಯಿ ಬರಲಿಲ್ಲ. ಅವರು ಸುಮ್ಮನೆ ನಮ್ಮನ್ನು ನೋಡಿ "ಆಯ್ತು" ಅಂದರು. ಅದೇ ಕ್ಲಾಸು, ಅದೇ 48 ಮಕ್ಕಳು, ಎದುರು ಅದೇ ಹುಡುಗ. ಚೀಟಿ ಬಿಚ್ಚಿದಾಗ ನನಗೆ 17. ನಾನು ಸೋತೆ. ಆದರೆ 4 ಎಲ್ಲಿ, 17 ಎಲ್ಲಿ? ಆ ಹದಿಮೂರು ಮಕ್ಕಳು ಹಿಂದಿನ ವರ್ಷವೂ ಅಲ್ಲೇ ಕೂತಿದ್ದರು. ಅವರಲ್ಲಿ ಯಾರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬಾರದು ಅನ್ನುವುದಕ್ಕೇ ಚೀಟಿ ಇರುವುದು. ಜಾತಿ ಎಷ್ಟು ಗಟ್ಟಿ ಅಂತ ಪದ್ಯ ಬರೆಯುತ್ತೇವಲ್ಲ, ಆ ಹದಿಮೂರು ಚೀಟಿ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಅದು ಗಟ್ಟಿ ಇರುವುದು ನಾಲ್ಕು ಜನ ನೋಡುತ್ತಿರುವಾಗ.

ನಾಮಪತ್ರದ ಬಗ್ಗೆಯೂ ಒಂದು ಮಾತು. ಹೆಸರನ್ನು ಮಾಷ್ಟ್ರು ಬಾಯಲ್ಲಿ ಹೇಳಿ ಬೋರ್ಡಿನ ಮೇಲೆ ಬರೆಯುವ ಪದ್ಧತಿ ಇದ್ದರೆ, ಬೇಡ ಅನ್ನಿ. ಕಾಗದ ಕೇಳಿ. ನಿಲ್ಲುವವನ ಹೆಸರು, ಸೂಚಿಸಿದವರ ಸಹಿ, ಅನುಮೋದಿಸಿದವರ ಸಹಿ. ಕಾಗದದ ಬೆಲೆ ನಮ್ಮ ಹಿರಿಯರಿಗೆ ಗೊತ್ತು. 1974ರ ಮಾರ್ಚ್ 1ರಿಂದ ಭೂಸುಧಾರಣೆ ಬಂದಾಗ ಈ ಕರಾವಳಿಯಲ್ಲಿ ಮನೆ ಮನೆಯಲ್ಲೂ 'ಡಿಕ್ಲರೇಶನ್' ಅನ್ನುವ ಮಾತು. ಏಳನೇ ನಮೂನೆ ತುಂಬಿಸಿ ಹಾಕಿದ ಗೇಣಿದಾರರಿಗೆ ಗದ್ದೆ ಆಯಿತು. ದೊಡ್ಡ ಕೆಲಸವೇ ಅದು. ಆದರೆ ನಮ್ಮ ಅಜ್ಜಂದಿರಲ್ಲಿ ಬಹಳ ಮಂದಿ ಗೇಣಿದಾರರೂ ಆಗಿರಲಿಲ್ಲ, ಬರೀ ಆಳು. ಅವರ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ, ಹಾಗಾಗಿ ಹಾಕುವುದಕ್ಕೆ ಅರ್ಜಿಯೂ ಇರಲಿಲ್ಲ. ನಟ್ಟಿ ನೆಟ್ಟವರು ಗದ್ದೆಯ ಬದುವಿನ ಮೇಲೇ ಉಳಿದರು. ಅವರ ಮೊಮ್ಮಕ್ಕಳು ನೀವು. ಒಂದು ಕಾಗದದ ಮೇಲೆ ನಿಮ್ಮ ಹೆಸರು ನೀವೇ ಬರೆಯುವುದನ್ನು ಸಣ್ಣದು ಅಂತ ಎಣಿಸಬೇಡಿ.

ಸರಿ, ನಿಂತು ಏನು ಹೇಳುತ್ತೀರಿ? "ನನಗೆ ವೋಟು ಕೊಡಿ, ಶಾಲೆಗೆ ಒಳ್ಳೆ ಹೆಸರು ತರುತ್ತೇನೆ" ಅಂದರೆ ಹಿಂದಿನ ಬೆಂಚಿನವರು ನಿದ್ದೆ ಮಾಡುತ್ತಾರೆ. ನಿಮ್ಮ ಕಣ್ಣ ಮುಂದಿನದನ್ನು ಹೇಳಿ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಒಂದು ಹೆಣ್ಣುಮಗು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹೊಳೆಗೆ ಬಿದ್ದು ಸತ್ತಿತು. ನಿಮ್ಮಲ್ಲಿ ಎಷ್ಟು ಜನ ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋದವರು? ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದು ಬಳ್ಳಿ, ಕೆಳಗೆ ಕೆಂಪು ನೀರು. ಆ ಕಾಲುಸಂಕದ ಬಗ್ಗೆ ಒಂದು ಮಾತಾಡದ ಶಾಲಾ ಸಂಸತ್ತು ಎಂತ ಸಂಸತ್ತು?

ಮಕ್ಕಳು ಇಂಥದ್ದನ್ನೆಲ್ಲ ಮಾತಾಡಿದರೆ ಯಾರು ಕೇಳುತ್ತಾರೆ ಅಂತೀರಾ? ಇದೇ ಮಣ್ಣಿನಲ್ಲಿ ಕೇಳಿಸಿದ್ದಾರೆ. 1990ರಲ್ಲಿ ಕರ್ನಾಟಕದಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಕಟ್ಟಿದರು. ಆ ದಶಕದಲ್ಲೇ ಕುಂದಾಪುರ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿ ಶುರುವಾಯಿತು. ಆಗ ಬೈಂದೂರೂ ಕುಂದಾಪುರ ತಾಲೂಕಿನೊಳಗೇ ಇತ್ತು. 2018ರಲ್ಲಿ ಅದು ಬೇರೆ ತಾಲೂಕಾಯಿತು, ಅತ್ತ ಉಡುಪಿ ತಾಲೂಕಿನಿಂದ ಬ್ರಹ್ಮಾವರವೂ. ಆ ಮಕ್ಕಳ ಪಂಚಾಯತಿಯ ಒಂದು ವಿಷಯ ನನಗೆ ಬಹಳ ಹಿಡಿಸಿದ್ದು. ಶಾಲೆಯ ಎಲೆಕ್ಷನ್ನಿನಲ್ಲಿ ಶಾಲೆಗೆ ಬಂದವನಿಗೆ ಮಾತ್ರ ವೋಟು. ಅಲ್ಲಿ ದನ ಕಾಯುವ ಹುಡುಗನಿಗೂ, ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಗೂ ವೋಟು ಇತ್ತು, ನಿಲ್ಲುವ ಹಕ್ಕೂ ಇತ್ತು. ಮಾರ್ಕು ಕೇಳಲಿಲ್ಲ. ಆ ಮಕ್ಕಳು ಕಾಲುಸಂಕ, ಸೌದೆ, ನೀರು ಅಂತ ದೊಡ್ಡವರ ಪಂಚಾಯತಿಯ ಮುಂದೆ ಲೆಕ್ಕ ಇಟ್ಟರು. ಆಮೇಲೆ 2006ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿತು, ಪ್ರತಿ ಗ್ರಾಮ ಪಂಚಾಯತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ.

ಆ ಗ್ರಾಮಸಭೆ ಈಗ ಹಲವು ಕಡೆ ಸ್ವಾಗತ ಗೀತೆ, ಹಾರ, ಚಾ, ಬಿಸ್ಕತ್ತಿನಲ್ಲಿ ಮುಗಿದುಹೋಗುತ್ತದೆ. ಮೊದಲೇ ಮಾಷ್ಟ್ರು ಬರೆದುಕೊಟ್ಟ ಪ್ರಶ್ನೆಯನ್ನು ಒಬ್ಬ ಓದುತ್ತಾನೆ. ನಿಮ್ಮ ಪ್ರಶ್ನೆ ನೀವೇ ಬರೆದುಕೊಂಡು ಹೋಗಿ. ಶಾಲಾ ನಾಯಕ ಆಗಬೇಕು ಅಂತೇನೂ ಇಲ್ಲ ಅದಕ್ಕೆ. ಕಾಲುಸಂಕ ಎಲ್ಲಿ, ಎಷ್ಟು ಮಕ್ಕಳು ದಾಟುತ್ತಾರೆ, ಬೀದಿ ದೀಪ ನಮ್ಮ ಕೇರಿಯ ತಿರುವಿನಲ್ಲೇ ಯಾಕೆ ನಿಲ್ಲುತ್ತದೆ, ಹಾಸ್ಟೆಲಿನ ಹೆಣ್ಣುಮಕ್ಕಳ ಕಕ್ಕಸಿಗೆ ಚಿಲಕ ಯಾಕಿಲ್ಲ. ಕೇಳಿದ ಮೇಲೆ "ನೋಟ್ ಮಾಡ್ಕೊಂಡಿದ್ದೇವೆ" ಅಂದರೆ ಕೂರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆದಿದ್ದನ್ನು ಓದಿ ಹೇಳಿ ಅನ್ನಿ.

ಕಾಲೇಜಿಗೆ ಬಂದವರು ಕೇಳುತ್ತೀರಿ, ನಮಗೆಂತ ಅಂತ. ನಿಮಗೆ ಎಲೆಕ್ಷನ್ನೇ ಇಲ್ಲ. 1989-90ರ ಹೊತ್ತಿಗೆ ಗಲಾಟೆ ಆಗುತ್ತದೆ ಅಂತ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಲ್ಲಿಸಿದರು. ವೋಟು ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ 1989ರಲ್ಲೇ. ತಮಾಷೆ ನೋಡಿ, ಪ್ರಧಾನಿಯನ್ನು ಆರಿಸು, ಕ್ಲಾಸ್ ಲೀಡರನ್ನು ಆರಿಸಬೇಡ! ಹೆಚ್ಚು ಮಾರ್ಕು ತೆಗೆದವನೇ ಪ್ರತಿನಿಧಿ ಅಂತ ಮಾಡಿದರೆ ಟ್ಯೂಷನ್ನಿಗೆ ಹೋದವನು ಪ್ರತಿನಿಧಿ ಆಗುತ್ತಾನೆ, ಗೇರುಬೀಜದ ಕಾರ್ಖಾನೆಗೆ ಹೋಗಿ ಫೀಸು ಹೊಂದಿಸಿದವಳು ಆಗುವುದಿಲ್ಲ. ಚುನಾವಣೆ ಇರುವಲ್ಲೂ ದಾರಿ ಹೂವಿನದಲ್ಲ. ದಿಲ್ಲಿಯ ಜೆ.ಎನ್.ಯು.ನಲ್ಲಿ 1996ರಲ್ಲಿ ಬತ್ತಿಲಾಲ್ ಬೈರ್ವಾ ಅಧ್ಯಕ್ಷರಾದ ಮೇಲೆ ಇನ್ನೊಬ್ಬ ದಲಿತ ವಿದ್ಯಾರ್ಥಿ ಆ ಕುರ್ಚಿಯಲ್ಲಿ ಕೂತದ್ದು 2024ರ ಮಾರ್ಚಿನಲ್ಲಿ, ಧನಂಜಯ್. ಅಷ್ಟು ಓದಿದವರ ನಡುವೆ ಅಷ್ಟು ವರ್ಷ.

ಬೆಳಗ್ಗೆ ಒಬ್ಬಳು ತಂಗಿ ನನ್ನ ಹತ್ತಿರ ಬಂದು ಕೇಳಿದಳು. "ಸೋತ್ರೆ ಎಲ್ಲ ನೆಗಿ ಮಾಡುದಿಲ್ಯಾ ಅಣ್ಣ?" ಮಾಡುತ್ತಾರೆ ತಂಗಿ. ಒಂದು ವಾರ ಮಾಡುತ್ತಾರೆ. ನಿನ್ನ ಹೆಸರಿಗೆ ಏನಾದರೂ ಸೇರಿಸಿ ಕೂಗುತ್ತಾರೆ. ಒಬ್ಬಳೇ ನಿಂತರೆ ಅದನ್ನು ತಾಳುವುದು ಕಷ್ಟ, ಅದಕ್ಕೇ ಒಬ್ಬಳೇ ನಿಲ್ಲಬೇಡ. ಸೂಚಿಸುವವಳು ಒಬ್ಬಳು, ಅನುಮೋದಿಸುವವಳು ಒಬ್ಬಳು ಅಂದರೆ ಆಗಲೇ ಮೂರು ಜನ ಆದಿರಿ. ಆ ಮೂರರಲ್ಲಿ ಒಬ್ಬಳಾದರೂ ನಮ್ಮ ಕೇರಿಯವಳಲ್ಲದವಳು ಇರಲಿ. ಇರುತ್ತಾಳೆ, ಹುಡುಕು. ನೀನು ಕೊರಗರ ಮನೆಯ ಹುಡುಗಿ ಅಂದೆಯಲ್ಲ, ನಮ್ಮ ಆದಿದ್ರಾವಿಡ, ಮುಂಡಾಲ ಹುಡುಗರೇ ನಿನ್ನ ಕಾಗದಕ್ಕೆ ಸಹಿ ಹಾಕಲು ಹಿಂದೆ ಮುಂದೆ ನೋಡಿದರೆ ಅವರ ಹೆಸರು ನನಗೆ ಹೇಳು. ಬ್ರಾಹ್ಮಣರನ್ನು ಬೈಯುವುದಕ್ಕೆ ಮುಂಚೆ ನಮ್ಮೊಳಗಿನ ಮೆಟ್ಟಿಲು ಲೆಕ್ಕ ಮಾಡಬೇಕು.

ಗೆದ್ದವರಿಗೆ ಒಂದೇ ಕೆಲಸ ಹೇಳುತ್ತೇನೆ. ಖಾತೆ ಹಂಚುವ ದಿನ ಎದ್ದು ನಿಂತು, ಚೀಟಿ ಎತ್ತಿ ಹಂಚೋಣ ಅನ್ನಿ. ಡಬ್ಬದಲ್ಲಿ ಎಂಟು ಖಾತೆ ಬರೆದು ಹಾಕಿ, ಎಲ್ಲರೂ ಒಂದೊಂದು ಎತ್ತಲಿ. ಒಡೇರ ಮನೆಯ ಹುಡುಗನಿಗೆ ಸ್ವಚ್ಛತೆ ಬಂದರೆ ಬರಲಿ, ಅವನಿಗೆ ಹಿಡಿಸೂಡಿ ಹಿಡಿಯಲು ನಾವೇ ಕಲಿಸಿಕೊಡೋಣ. ನಮ್ಮ ಹುಡುಗಿಗೆ ಹಣಕಾಸು ಬರಲಿ. ಲೆಕ್ಕ ತಪ್ಪಿದರೆ ಕಲಿಯುತ್ತಾಳೆ.

ಪದ್ಯ ಓದು ಅಂತ ಹಿಂದಿನಿಂದ ಕೂಗುತ್ತಿದ್ದಾರೆ. ಪದ್ಯ ಊಟ ಆದ ಮೇಲೆ. ಈಗ ಬೈಂದೂರಿನ ಮಕ್ಕಳು ಈ ಬಾಗಿಲಿನ ಹತ್ತಿರ ಬನ್ನಿ, ಬ್ರಹ್ಮಾವರದವರು ಕಿಟಕಿಯ ಕಡೆ, ಕುಂದಾಪುರದವರು ಇಲ್ಲೇ ಇರಿ. ಒಬ್ಬೊಬ್ಬರೂ ನಿಮ್ಮ ಹೆಡ್‌ಮಾಷ್ಟ್ರಿಗೆ ಒಂದು ಅರ್ಜಿ ಬರೆಯೋಣ. ಈ ವರ್ಷ ಕೈ ಎತ್ತಿಸುವುದು ಬೇಡ, ಚೀಟಿ ಹಾಕಿಸಿ, ಖಾತೆಯನ್ನೂ ಚೀಟಿ ಎತ್ತಿ ಹಂಚಿ ಅಂತ ಮೂರು ಸಾಲು. ಬೈಗುಳ ಬೇಡ, ಪದ್ಯವೂ ಬೇಡ. ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಲುಪಿದೆ ಅಂತ ಸಹಿ, ತಾರೀಕು ಹಾಕಿಸಿಕೊಂಡು ಬನ್ನಿ. ಕಾಗದ ಇಲ್ಲದವರಿಗೆ ನನ್ನ ಚೀಲದಲ್ಲಿ ಇದೆ.